ಜಲ್ಲಿ ಹಾಸಿದ ಕಣ

ಚಿಕ್ಕಮಗಳೂರು
೧೦–೨–೧೯೪೧

ಮಾವನವರಾದ ಜಾವಳಿಯ ಜವರಯ್ಯನವರಿಗೆ ಬೆಳ್ಳಿಯಪ್ಪ ಮಾಡುವ ನಮಸ್ಕಾರಗಳು.

ನೀವು ಸಿಟ್ಟಿನಲ್ಲಿ ಇಲ್ಲೇ ಬಿಟ್ಟುಹೋದ ಆರು ಚೀಲ ಕಾಫಿ ಗಲಗಲ ಒಣಗಿದೆ. ಕ್ಯೂರಿಂಗ್ ಕಾರ್ಖಾನೆಯವರು ಇನ್ನೂ ಎರಡು ಬಿಸಿಲು ಬೇಕು ಎಂದು ವಾಪಸು ಕಳಿಸಿದ್ದರಲ್ಲ, ನಾನು ಮೂರು ಬಿಸಿಲು ಕಾಯಿಸಿದ್ದೇನೆ. ನನ್ನ ಮನೆಯ ಅಂಗಳಕ್ಕೆ ಸಗಣಿ ಸಾರಿಸಿ ಹರಡಿದ್ದೆ.

ಅವತ್ತು ನಾನು ಕೆಲಸ ಮಾಡುವ ಕರೆಂಟಿನ ಸಬ್‌ಸ್ಟೇಷನ್ನಿನ ಬೇಲಿಯೊಳಗೆ ಇಣುಕಿ, ಜಲ್ಲಿ ಹಾಸಿದ ನೆಲ ನೋಡಿ, "ಇಷ್ಟು ಚೆಂದದ ಕಣ ಖಾಲಿ ಬಿಟ್ಟಿದ್ದೀರಲ್ಲ ಮಾರಾಯ" ಎಂದಿರಿ. ನಾನು ನಕ್ಕು, ಎಲೆಅಡಿಕೆ ತರಲು ಮನೆಗೆ ಹೋದೆ. ಗೇಟಿಗೆ ಬೀಗ ಹಾಕದೆ ಹೋದದ್ದು ನನ್ನದೇ ತಪ್ಪು. ತಿರುಗಿ ಬರುವಷ್ಟರಲ್ಲಿ ನೀವು ಕಾಫಿ ಹರಡುವ ಉದ್ದನೆಯ ಕೋಲು ಎತ್ತಿ ಹಿಡಿದು ಒಳಗೆ ನಡೆದಿದ್ದಿರಿ.

ದೂರದ ಜಲಪಾತದಿಂದ ಬರುವ ಕರೆಂಟು ಆ ತಂತಿಗಳಲ್ಲಿ ಮಳೆಗಾಲದ ಭದ್ರೆಯ ಹಾಗೆ ಇರುತ್ತದೆ. ಅದನ್ನು ತಗ್ಗಿಸಿ ಊರಿನ ದೀಪಗಳಿಗೆ ಬಿಡುವುದೇ ನಮ್ಮ ಕೆಲಸ. ಜಲ್ಲಿ ಹಾಸಿರುವುದೂ ಕರೆಂಟಿನ ಭಯಕ್ಕೇ, ಕಾಫಿ ಒಣಗಿಸಲಿಕ್ಕಲ್ಲ. ನಿಮ್ಮ ಕೋಲಿಗೂ ತಂತಿಗೂ ಮೊಳದಷ್ಟೂ ಅಂತರವಿರಲಿಲ್ಲ.

ವೀಳ್ಯಶಾಸ್ತ್ರ ಮುಗಿದಿದ್ದರೂ, ರಟ್ಟೆ ಹಿಡಿದು ಎಳೆದ ಅಳಿಯ ಬೇಡ ಎಂದು ಹೇಳಿಕಳಿಸಿದ್ದೀರಿ. ದಯವಿಟ್ಟು ಗುರುವಾರ ಗಾಡಿ ತನ್ನಿ, ಮಗಳು ಭಾಗುವನ್ನೂ ಕರೆತನ್ನಿ. ನಾನು ನಿಮ್ಮನ್ನು ಎಳೆಯುವಾಗ ಅವಳು ಗಾಡಿಯಲ್ಲಿ ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಮುಂದಿನ ತಿಂಗಳು ಧಾರೆ ಎರೆಯಲು ನೀವೇ ಬೇಕಲ್ಲ ಮಾವ, ಅದಕ್ಕೇ ಎಳೆದೆ.

ಇಂತು, ಈಗಲೂ ನಿಮ್ಮ ಅಳಿಯ,
ಬೆಳ್ಳಿಯಪ್ಪ