ಎಡಕ್ಕೆ ತಿರುಗು, ಬುಗುರಿ

ಸೆಪ್ಟೆಂಬರ್ ೯, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಮಗು ಚೆನ್ನಾಗಿದ್ದಾಳೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಏಕೆಂದರೆ ಮುಂದೆ ಓದುವಾಗ ನಿಮಗೆ ಮತ್ತೆ ಈ ಸಾಲಿಗೆ ಬರಬೇಕು ಅನ್ನಿಸಬಹುದು. ನಾನೂ ಚೆನ್ನಾಗಿದ್ದೇನೆ. ನಿಮ್ಮ ತಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ, ಕೆಲಸ ಮಾಡುತ್ತಾರೆ. ನಿಮ್ಮ ಡ್ರೈವಿಂಗ್ ಶಾಲೆಗೆ ಹೊಸ ಕಾರು ಬಂದ ಸುದ್ದಿ ಓದಿ ಸಂತೋಷವಾಯಿತು. ಕಲಿಯಲು ಬಂದವರು ಅದನ್ನು ಬೇಗನೆ ಯಾವ ಗೋಡೆಗೂ ಒರಗಿಸದಿರಲಿ.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಅಡುಗೆಮನೆಗೂ ಅವರ ಮರಗೆಲಸದ ಕಾರ್ಖಾನೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ ಮಾತ್ರ. ಎಲ್ಲಿ ನಿಂತು ಪಿಸುಗುಟ್ಟಿದರೂ ಆ ಕಡೆ ಕೇಳಿಸುತ್ತದೆ. ಅದಕ್ಕೇ ಕಾಗದ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಓರೆಕೋರೆಯಾಗಿದ್ದರೆ ಅದು ಅವಳ ಕಾಲಿನ ಕೆಲಸ.

ನೀವು ಕೇಳಿದ್ದು ಒಂದೇ ಪ್ರಶ್ನೆ: "ಫೋಟೋದಲ್ಲೆಲ್ಲ ಬುಗುರಿ ಒಂದೇ ಕಡೆ ನೋಡ್ತಾಳಲ್ಲ, ಆ ಕಡೆ ಅಂಥವರು ಯಾರಿದ್ದಾರೆ?" ತಮಾಷೆಗೆ ಕೇಳಿದ್ದೀರಿ. ಆ ಕಡೆ ಇದ್ದದ್ದು ನಾವೇ, ಅಕ್ಕ.

ನಿಮ್ಮ ತಮ್ಮ ಮಾಡಿದ ತೊಟ್ಟಿಲು ನಿಮಗೆ ಗೊತ್ತಲ್ಲ. ನಾನು ಬಸುರಿಯಾಗಿದ್ದಾಗ ಮಲಗುವ ಕೋಣೆಯ ಗೋಡೆಯ ಗೂಡನ್ನು ಅಳೆದು, ಮೇಜಿನ ಡ್ರಾಯರ್‌ನಂತೆ ಸರಿಯಾಗಿ ಒಳಗೆ ಕೂರುವ ಹಾಗೆ ಮಾಡಿದ್ದರು. ಸಂದಿನಲ್ಲಿ ಒಂದು ಕಾಗದವೂ ತೂರುತ್ತಿರಲಿಲ್ಲ. ಬಂದವರಿಗೆಲ್ಲ ತೋರಿಸಿ ಹೆಮ್ಮೆಪಟ್ಟಿದ್ದೇ ಪಟ್ಟಿದ್ದು. ಆದರೆ ಅದು ಕೂರುವುದು ಒಂದೇ ರೀತಿಯಲ್ಲಿ. ಮಗುವಿನ ಎಡಕ್ಕೆ ಸುಣ್ಣದ ಗೋಡೆ. ಬಲಕ್ಕೆ ಕೋಣೆ, ಬೆಳಕು, ನಾನು, ಬಾಗಿಲಲ್ಲಿ ಬಂದು ನಿಲ್ಲುವ ಅವರು. ಗೋಡೆ ನೋಡಿಕೊಂಡು ಯಾವ ಮಗು ಮಲಗೀತು? ಇವಳು ಬಲಕ್ಕೇ ತಿರುಗಿಕೊಂಡಳು, ಬಲಕ್ಕೇ ನಿದ್ದೆ ಹೋದಳು.

ನಮ್ಮ ಕಣ್ಣಿಗೆ ಬೀಳಲಿಲ್ಲ. ಮೊದಲು ಹೇಳಿದ್ದು ಎದುರು ಅಂಗಡಿಯ ಇಸ್ತ್ರಿಯವಳು. ಅವಳ ಬಾಯಿ ಅವಳ ಪೆಟ್ಟಿಗೆಗಿಂತ ಬಿಸಿ. ಮಗುವನ್ನು ಎತ್ತಿಕೊಂಡು ಹಿಂದಿನಿಂದ ನೋಡಿದವಳೇ, "ಏನಮ್ಮಾ, ನಿನ್ನ ಮಗಳ ತಲೆಗೆ ಒಂದು ಪಕ್ಕ ನಾನೇ ಇಸ್ತ್ರಿ ಮಾಡಿದ ಹಾಗಿದೆಯಲ್ಲ!" ಎಂದು ನಕ್ಕಳು. ಅಂಗಡಿಯಲ್ಲಿದ್ದವರೂ ನಕ್ಕರು. ನಾನೂ ನಕ್ಕೆ. ಕುರ್ಚಿಯ ಸಾಮಾನು ಇಳಿಸಿಕೊಳ್ಳುತ್ತಿದ್ದ ಇವರು ನಗಲಿಲ್ಲ.

ಮನೆಗೆ ಬಂದವರೇ ಮರದ ದಪ್ಪ ನೋಡುವ ಕವೆಗೋಲನ್ನು ತಂದು ಮಗುವಿನ ತಲೆ ಅಳೆದರು. ಓರೆಯಾಗಿ ಒಂದು ಸಲ, ಇನ್ನೊಂದು ಓರೆಯಲ್ಲಿ ಮತ್ತೊಂದು ಸಲ. "ಚೌಕ ತಪ್ಪಿದೆ ಕಣೇ," ಅಂದರು. ನಾನು ಸಿಟ್ಟಾದೆ. "ಅವಳೇನು ನಿಮ್ಮ ಸ್ಟೂಲಾ?" ಅಂದೆ. ಆದರೆ ಬೆಳಕಿಗೆ ಹಿಡಿದು ನೋಡಿದಾಗ ನನಗೂ ಕಂಡಿತು. ಹಿಂದೆ ಬಲಭಾಗ ಚಪ್ಪಟೆ. ಬಲಗಿವಿ ಒಂದಿಷ್ಟು ಮುಂದೆ ಸರಿದ ಹಾಗೆ. ಹಣೆಯೂ ಆ ಕಡೆ ಸ್ವಲ್ಪ ಉಬ್ಬು. ನಾನು ದಿನಾ ಮುತ್ತಿಡುವ ತಲೆ, ಅಕ್ಕ.

ಮಕ್ಕಳ ಡಾಕ್ಟರು ಒಳ್ಳೆಯ ಹೆಂಗಸು, ಮಾತು ನೇರ. ಬುರುಡೆಯ ಮೂಳೆಗಳು ಕೂಡುವ ಗೆರೆಗಳನ್ನು ಬೆರಳಲ್ಲಿ ತಡವಿ ನೋಡಿದರು. ಅವು ಬೇಗನೆ ಬೆಸೆದುಕೊಂಡಿದ್ದರೆ ಬೇರೆ ಕಥೆಯಂತೆ, ಇವಳದು ಹಾಗಲ್ಲ. "ಮಿದುಳಿಗೆ ಏನೂ ಆಗಿಲ್ಲ, ಆಗೋದೂ ಇಲ್ಲ. ಬುರುಡೆ ಇನ್ನೂ ಮೆತ್ತಗಿದೆ. ಯಾವ ಕಡೆ ಒತ್ತು ಬೀಳುತ್ತೋ ಆ ಕಡೆ ಚಪ್ಪಟೆ ಆಗುತ್ತೆ, ಅಷ್ಟೇ," ಅಂದರು. ಆಮೇಲೆ ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಲು ನೋಡಿದರು. ಬುಗುರಿ ಕಿರುಚಿದಳು. ಎಡಗಡೆಯ ಕತ್ತಿನ ಸ್ನಾಯು ಬಿಗಿಯಾಗಿತ್ತು. ಮನಸ್ಸು ಮಾಡಿದರೂ ಅವಳಿಗೆ ಆ ಕಡೆ ಪೂರ್ತಿ ತಿರುಗಲು ಆಗುತ್ತಿರಲಿಲ್ಲ.

"ಮೆತ್ತಗಿರುವಾಗಲೇ ಅಲ್ವಾ ತಿದ್ದಬೇಕಾದ್ದು?" ಎಂದು ಇವರು ಕೇಳಿದರು.

"ಹೌದು, ಈಗಲೇ ಶುರು ಮಾಡಿ. ಎಚ್ಚರ ಇದ್ದಾಗ ನೆಲದ ಮೇಲೆ ಬೋರಲು ಹಾಕಿ, ಎದುರಿಗೆ ನೀವು ಕೂತಿರಿ. ಎಡಗಡೆಯಿಂದ ಮಾತಾಡಿಸಿ, ಎಡಗಡೆಯಿಂದ ಗಿಲಕಿ ಆಡಿಸಿ. ನಿದ್ದೆಗೆ ಮಾತ್ರ ಅಂಗಾತ. ತಲೆ ಚಪ್ಪಟೆ ಆಗುತ್ತೆ ಅಂತ ಬೋರಲು ಮಲಗಿಸಿಬಿಟ್ಟೀರಿ ಮತ್ತೆ! ದಿಂಬು, ಸುತ್ತಿದ ಟವೆಲ್ಲು, ಒತ್ತು ಕೊಡೋದು ಯಾವುದೂ ತೊಟ್ಟಿಲಲ್ಲಿ ಇರಕೂಡದು."

ಇವರು ತಲೆಯ ಆಕಾರ ತಿದ್ದುವ ಗಟ್ಟಿಯಾದ ಟೋಪಿಯ ವಿಷಯ ಎತ್ತಿದರು, ಯಾರೋ ಗಿರಾಕಿ ಹೇಳಿದ್ದರಂತೆ. ಕೆಲವು ಮಕ್ಕಳಿಗೆ ತಲೆಯ ಅಳತೆ ತೆಗೆದು ಹಾಗೆ ಮಾಡಿಸುವುದುಂಟು, ಇವಳಿಗೆ ಈಗ ಬೇಡ, ಕತ್ತು ಸಡಿಲವಾಗಲಿ, ಆಮೇಲೆ ನೋಡೋಣ ಎಂದರು ಡಾಕ್ಟರು. ದಾರಿಯುದ್ದಕ್ಕೂ ಇವರು ಮಗುವಿನ ತಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಬಂದರು. ಅವರಿಗೆ ಸಮಾಧಾನವಾಗಿದೆ ಅಂದುಕೊಂಡೆ. ಈಗ ಗೊತ್ತಾಗುತ್ತದೆ, ಆ ಕೋಣೆಯಲ್ಲಿ ನಾನು ಕೇಳಿದ್ದೇ ಬೇರೆ, ಅವರು ಕೇಳಿದ್ದೇ ಬೇರೆ.

ನಿಮ್ಮ ತಮ್ಮನ ಕೆಲಸ ನೀವು ನೋಡಿದ್ದೀರಿ. ಕುರ್ಚಿಯ ಬೆನ್ನಿಗೆ ಬೇಕಾದ ಮರವನ್ನು ಹಬೆಯಲ್ಲಿ ಬೇಯಿಸಿ, ಮೆತ್ತಗಾದ ಕೂಡಲೇ ಅಚ್ಚಿಗೆ ಒತ್ತಿ, ಪಟ್ಟಿ ಕಟ್ಟಿ ಬಿಡುತ್ತಾರೆ. ಆರಿದ ಮೇಲೆ ಅದು ಬಾಗಿದ ಹಾಗೇ ಇರುತ್ತದೆ. ಇಷ್ಟು ವರ್ಷ ಅದೇ ಅನ್ನ ಹಾಕಿದ ವಿದ್ಯೆ. ಮೆತ್ತಗಿದೆ ಎಂದು ಡಾಕ್ಟರು ಹೇಳಿದ ಮಾತು ನೇರವಾಗಿ ಆ ವಿದ್ಯೆಗೇ ಹೋಗಿ ತಾಗಿತು. ಆಸ್ಪತ್ರೆಯವರೇ ಟೋಪಿ ಎಂದು ಅಚ್ಚು ಮಾಡುತ್ತಾರಂತೆ, ತಾನು ಮಾಡಿದರೇನು?

ತೊಟ್ಟಿಲಲ್ಲಿ ಅವಳ ತಲೆಗೆಂದು ಒಂದು ಅಚ್ಚನ್ನು ನನಗೆ ಹೇಳದೆ ಮಾಡಿದರು. ತೆಳುವಾದ ಹಲಗೆಯನ್ನು ಬಾಗಿಸಿ, ಒಳಗೆ ದಪ್ಪ ಸ್ಪಂಜು ಕೂರಿಸಿ, ಮೇಲೆ ನನ್ನದೇ ಹಳೆಯ ಹತ್ತಿ ಸೀರೆಯ ಬಟ್ಟೆ ಬಿಗಿದಿದ್ದರು. ತಲೆ ಬಲಕ್ಕೆ ಹೊರಳದಂತೆ ಎರಡು ಪಕ್ಕದಲ್ಲೂ ಏರು. ಕೆಲಸವೇನೋ ಚೆಂದವೇ. ಒಂದು ಮೊಳೆಯ ತಲೆಯೂ ಕಾಣುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ನಾನು ಬಟ್ಟೆ ಒಣಹಾಕಲು ಮಹಡಿಗೆ ಹೋದೆ. "ಸ್ವಲ್ಪ ನೋಡ್ಕೊಳ್ಳಿ," ಅಂದೆ. "ಹೋಗು ಮಾರಾಯ್ತಿ, ನನ್ನ ಮಗಳನ್ನ ನನಗೇ ಪರಿಚಯ ಮಾಡಿಸ್ತೀಯಾ?" ಎಂದು ನಕ್ಕರು. ಮೇಲಿದ್ದಾಗ ಅವಳ ಅಳು ಕೇಳಿಸಿತು. ಆಮೇಲೆ ನಿಂತಿತು. ಅಪ್ಪ ಎತ್ತಿಕೊಂಡರು ಅಂದುಕೊಂಡು ಉಳಿದ ಬಟ್ಟೆಗಳಿಗೆ ಕ್ಲಿಪ್ ಹಾಕಿದೆ. ಆ ಕ್ಲಿಪ್ಪುಗಳು ಈಗಲೂ ಕಣ್ಣೆದುರಿಗಿವೆ.

ಕೆಳಗೆ ಬಂದಾಗ ಅವರು ಕೋಣೆಯಲ್ಲೇ ಇದ್ದರು. ಬಿಟ್ಟು ಎಲ್ಲೂ ಹೋಗಿರಲಿಲ್ಲ, ಅದನ್ನು ನಾನು ಹೇಳಲೇಬೇಕು. ತೊಟ್ಟಿಲಿಗೆ ಬೆನ್ನು ಮಾಡಿ ಕಿಟಕಿಯ ಬಳಿ ಕೂತು ಎಂಥದೋ ಮರದ ಪಟ್ಟಿಗೆ ಉಪ್ಪುಕಾಗದ ಉಜ್ಜುತ್ತಿದ್ದರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. "ಶ್... ಈಗ ತಾನೇ ಮಲಗಿದ್ದಾಳೆ. ಕೈ ಇಟ್ಟ ಹಾಗೆ ಕೂತಿದೆ ನೋಡು ತಲೆ."

ನನಗೆ ಮೊದಲು ಕಂಡದ್ದು ಕಾಲುಗಳು. ಬುಗುರಿಯ ಕಾಲು ನಿದ್ದೆಯಲ್ಲೂ ಸುಮ್ಮನಿರುವುದಿಲ್ಲ. ಅದಕ್ಕೇ ತಾನೇ ಅವಳಪ್ಪ ಅವಳಿಗೆ ಆ ಹೆಸರಿಟ್ಟದ್ದು? ಆ ಕಾಲುಗಳು ಸುಮ್ಮನಿದ್ದವು. ಒದ್ದು ಒದ್ದು ಅವಳು ಅಚ್ಚಿನೊಳಗೆ ಕೆಳಕ್ಕೆ ಜಾರಿದ್ದಳು. ಪಕ್ಕದ ಏರು ಮೂಗು ಬಾಯಿಗೆ ಒತ್ತಿಕೊಂಡಿತ್ತು. ತಲೆ ತಿರುಗಿಸಿ ಬಿಡಿಸಿಕೊಳ್ಳೋಣವೆಂದರೆ ತಿರುಗಲೇಬಾರದು ಎಂದು ಮಾಡಿದ ವಸ್ತು ಅದು.

ಹೇಗೆ ಎಳೆದುಕೊಂಡೆನೋ ತಿಳಿಯದು. ತುಟಿಯ ಸುತ್ತ ನೀಲಿಯಾಗಿತ್ತು. ಬೆನ್ನು ಉಜ್ಜಿದೆ, ಹೆಸರು ಹಿಡಿದು ಕೂಗಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಂದು ಬಿಕ್ಕು, ಆಮೇಲೆ ಅಳು. ಅಂಥ ಅಳು, ಅಕ್ಕ, ಅಷ್ಟು ಒಳ್ಳೆಯ ಸದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಇವರು ಉಪ್ಪುಕಾಗದ ಹಿಡಿದುಕೊಂಡೇ ನಿಂತಿದ್ದರು. "ಅದು ದಿಂಬಲ್ಲ ಕಣೇ... ದಿಂಬು ಬೇಡ ಅಂದಿದ್ರು... ಇದು ಅಚ್ಚು..." ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

ಹಾಗೇ ಆಸ್ಪತ್ರೆಗೆ ಓಡಿದೆವು, ನನ್ನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಅಲ್ಲೇ ಇರಿಸಿಕೊಂಡು ಉಸಿರು, ಎದೆಬಡಿತ, ಕಣ್ಣು ಎಲ್ಲ ನೋಡಿದರು. ಏನೂ ಆಗಿಲ್ಲ ಎಂದು ಮಾರನೆಯ ದಿನ ಕಳಿಸಿದರು. ಡಾಕ್ಟರು ಇವರನ್ನು ಬೈಯಲಿಲ್ಲ. "ಮರ ಅಚ್ಚಿನೊಳಗೆ ಉಸಿರಾಡಬೇಕಾಗಿಲ್ಲ," ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಮನೆಗೆ ಬಂದವರೇ ಅಚ್ಚನ್ನು ಒಡೆದು ಹಬೆಯ ಒಲೆಗೆ ಹಾಕಿದರು. ಸ್ಪಂಜಿನ ಹೊಗೆ ಓಣಿಯೆಲ್ಲ ನಾತ ಹಬ್ಬಿಸಿತು. ಇಸ್ತ್ರಿಯವಳು ಬಂದು ಏನಾದರೂ ಅನ್ನುವಳೆಂದು ಕಾದೆ. ಅವಳೂ ಬರಲಿಲ್ಲ.

ಇನ್ನು ಒಳ್ಳೆಯ ಸುದ್ದಿ. ತೊಟ್ಟಿಲು ಈಗ ಗೂಡಿನಲ್ಲಿಲ್ಲ, ಕೋಣೆಯ ನಡುವೆ ಇದೆ. ಒಂದು ದಿನ ತಲೆ ಈ ಕಡೆ, ಮರುದಿನ ಆ ಕಡೆ ಇಟ್ಟು ಅಂಗಾತ ಮಲಗಿಸುತ್ತೇನೆ. ಒಳಗೆ ಬಿಗಿಯಾದ ಹಾಸಿಗೆ ಬಿಟ್ಟರೆ ಒಂದು ಬಟ್ಟೆಯ ಚೂರೂ ಇರುವುದಿಲ್ಲ. ವ್ಯಾಯಾಮ ಹೇಳಿಕೊಡುವಾಕೆಯ ಬಳಿ ಕರೆದುಕೊಂಡು ಹೋಗುತ್ತೇನೆ. ಆಕೆ ಕತ್ತನ್ನು ಹೇಗೆ ಹಿಡಿದು ಹೇಗೆ ಸಡಿಲಿಸಬೇಕೆಂದು ತೋರಿಸಿಕೊಟ್ಟಿದ್ದಾರೆ. ಬೋರಲು ಹಾಕಿದರೆ ಮೊದಮೊದಲು ಮೂಗನ್ನು ನೆಲಕ್ಕೆ ಉಜ್ಜಿ ಊರು ಒಂದು ಮಾಡುತ್ತಿದ್ದಳು. ಈಗ ಕೈ ಊರಿ ತಲೆ ಎತ್ತಿ, ಬಾಕಿ ವಸೂಲಿಗೆ ಬಂದವರ ಹಾಗೆ ನನ್ನನ್ನೇ ದಿಟ್ಟಿಸುತ್ತಾಳೆ. ಕಳೆದ ವಾರ ಎಡಗಡೆಯಿಂದ "ಬುಗುರೀ" ಎಂದು ಕರೆದಾಗ ನಿಧಾನಕ್ಕೆ, ತುಕ್ಕು ಹಿಡಿದ ನಲ್ಲಿಯಂತೆ, ಪೂರ್ತಿ ಎಡಕ್ಕೆ ತಿರುಗಿದಳು. ತಲೆ ಇನ್ನೂ ಚಪ್ಪಟೆಯೇ. ದುಂಡಗಾಗಲು ತಿಂಗಳುಗಳು ಬೇಕು, ಕೂದಲು ಬಂದ ಮೇಲೆ ಉಳಿದದ್ದು ಮುಚ್ಚಿಹೋಗುತ್ತದೆ ಎಂದಿದ್ದಾರೆ ಡಾಕ್ಟರು. ನನಗೆ ಆ ಚಿಂತೆ ಈಗ ಅಷ್ಟಿಲ್ಲ.

ನಿಮ್ಮ ತಮ್ಮ ಅವತ್ತಿನಿಂದ ಮಗುವನ್ನು ಎತ್ತಿಕೊಂಡಿಲ್ಲ. ಕಾರ್ಖಾನೆಯಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅವಳು ನಕ್ಕರೆ ನಗುತ್ತಾರೆ. ಆಮೇಲೆ ಏನೋ ಮರೆತವರ ಹಾಗೆ ವಾಪಸು ಹೋಗುತ್ತಾರೆ. ಕೇಳಿದರೆ, "ಕೈಯೆಲ್ಲ ಹೊಟ್ಟು ಕಣೇ," ಅನ್ನುತ್ತಾರೆ. ನಿಮ್ಮ ಕೈಯಲ್ಲಿ ಬೆಳೆದವರು. ಒಂದು ಮಾತು ಬರೆಯಿರಿ ಅವರಿಗೆ. ನಾನು ಹೇಳಿದೆ ಎಂದು ಬರೆಯಬೇಡಿ.

ಭಾವನವರಿಗೆ ನನ್ನ ನಮಸ್ಕಾರ. ನಿಮ್ಮ ಮಕ್ಕಳಿಬ್ಬರೂ ಚೆನ್ನಾಗಿ ಬೆಳೆಯಲಿ, ಯಾವ ಕಡೆ ಬೇಕಾದರೂ ತಿರುಗಿ ನೋಡುವ ಹಾಗೆ ಬೆಳೆಯಲಿ. ನಿಮ್ಮ ಹಾರೈಕೆ ನಮ್ಮ ಮೂವರ ಮೇಲೂ ಇರಲಿ.

ಇಂತಿ,
ಬುಗುರಿಯ ಅಮ್ಮ

ಮ.ತಾ.: ಅಕ್ಕ, ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಅವರು ಮಗುವನ್ನು ಎತ್ತಿಕೊಳ್ಳುವುದಿಲ್ಲ ಎಂದು ಬರೆದೆ. ಅರ್ಧ ಸತ್ಯ ಅದು. ನಾನು ಕೊಡುವುದಿಲ್ಲ. ಅವತ್ತಿನಿಂದ ಅವರ ಜೊತೆ ಅವಳನ್ನು ಒಂದು ಗಳಿಗೆಯೂ ಬಿಟ್ಟಿಲ್ಲ. ನೀರಿನ ಕೊಡ ಹಿಡಿದಿದ್ದರೂ ಒಂದು ಕೈಯಲ್ಲಿ ಅವಳು ಇರುತ್ತಾಳೆ. ಸ್ನಾನಕ್ಕೂ ಒಳಗೆ ಕರೆದುಕೊಂಡು ಹೋಗಿ, ಬುಟ್ಟಿಯಲ್ಲಿ ಮಲಗಿಸಿಕೊಂಡು ಅವಸರದಲ್ಲಿ ನೀರು ಹೊಯ್ದುಕೊಳ್ಳುತ್ತೇನೆ. ಬಾಯಿಬಿಟ್ಟು ಒಂದು ಮಾತೂ ಅಂದಿಲ್ಲ. ಅವರಿಗೆ ತಿಳಿದಿಲ್ಲ ಅಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಬಚ್ಚಲಮನೆಯಲ್ಲಿ ಹೊಸದೊಂದು ಮಣೆ ಇತ್ತು. ನೀರು ಸಿಡಿಯದ ಮೂಲೆಯಲ್ಲಿ, ನೆಲಕ್ಕೆ ತಗ್ಗಾಗಿ, ಸುತ್ತ ಮಗು ಉರುಳದಷ್ಟು ಅಂಚು. ಅಂಚಿನಲ್ಲಿ ಅಲ್ಲಲ್ಲಿ ಗಾಳಿಕಂಡಿ. ಸ್ಪಂಜಿಲ್ಲ, ಬಟ್ಟೆಯಿಲ್ಲ, ಬರಿಯ ನುಣುಪಾದ ಮರ. ಬುಗುರಿಯನ್ನು ಅದರಲ್ಲಿ ಅಂಗಾತ ಮಲಗಿಸಿ ನೀರು ಹೊಯ್ದುಕೊಳ್ಳಲು ಕೂತಾಗ ಗೊತ್ತಾಯಿತು, ಅದನ್ನು ಹೇಗೆ ಲೆಕ್ಕ ಹಾಕಿ ಇಟ್ಟಿದ್ದಾರೆಂದು: ನನ್ನನ್ನು ನೋಡಬೇಕಾದರೆ ಅವಳು ಎಡಕ್ಕೇ ತಿರುಗಬೇಕು.

ಆ ಕಡೆ ಉಪ್ಪುಕಾಗದದ ಸದ್ದು ನಿಂತಿತ್ತು, ನಾನು ಅಳುವುದು ಹಲಗೆಗೋಡೆ ದಾಟಿ ಕೇಳಿಸಿರಬೇಕು.

ನೀವು ಕಾರು ಕಲಿಯುವವರ ಪಕ್ಕದಲ್ಲಿ ಕೂರುತ್ತೀರಲ್ಲ, ನಿಮ್ಮ ಕಾಲಡಿಗೆ ಇನ್ನೊಂದು ಬ್ರೇಕು ಇರುತ್ತದಲ್ಲ. ಒಮ್ಮೆ ಗುದ್ದಿಸಿದವನ ಪಕ್ಕದಲ್ಲಿ ಮತ್ತೆ ಕೂತಾಗ, ಅದರ ಮೇಲಿಂದ ಕಾಲು ಯಾವಾಗ ತೆಗೆಯುತ್ತೀರಿ? ಹೇಗೆ ತೆಗೆಯುತ್ತೀರಿ, ಅಕ್ಕ? ಇದಕ್ಕೆ ಮಾತ್ರ ಬೇಗ ಉತ್ತರ ಬರೆಯಿರಿ.