ಕಾಲುಂಗುರದ ಬೆರಳು

೧೪ ಜೂನ್ ೧೯೮೨, ಅಜ್ಜಂಪುರ. ಸಂಜೆ
ಬೆರಣಿ ತೆಗೆಯುವಾಗ ಕಾಲುಂಗುರದ ಬೆರಳಿಗೇ ಚೇಳು ಕುಟುಕಿತು. ಪ್ರಾಣ ಹೋಗಿ ಬಂತು. ಇವರು ಮೆಡಿಕಲ್ ಶಾಪಿನಿಂದ ಟ್ಯೂಬು ತಂದರು — ಜೋಮು ಹಿಡಿಸುವ ಮುಲಾಮಂತೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಬೆರಳು ನನ್ನದೇ ಅಲ್ಲ. ಅತ್ತೆಗೆ ಬೆರಗು. "ಕಾಲ ಎಲ್ಲಿಗ್ ಬಂತು ನೋಡೇ ಪಂಕಜಾ."

ತವರು ಯಗಟಿಯಲ್ಲಾಗಿದ್ದರೆ ಅವ್ವ ಹುಣಸೆ ಬೀಜ ಕಲ್ಲಿಗೆ ಉಜ್ಜಿ, ಬಿಸಿ ಮಾಡಿ ಅಂಟಿಸುತ್ತಿದ್ದಳು. ನೋವು ಎಳ್ಳಷ್ಟೂ ಇಳಿಯುತ್ತಿರಲಿಲ್ಲ. ಆದರೆ ಬೀಜ ಉದುರುವವರೆಗೂ ಕಾಲು ಹಿಡಿದು ಕೂತಿರುತ್ತಿದ್ದಳು, ಬೈಯುತ್ತ. "ಕಣ್ಣು ಎಲ್ಲಿಟ್ಕಂಡಿದ್ದೆ?" ಅವ್ವ ಹೋಗಿ ವರ್ಷ ತುಂಬಿಲ್ಲ. ಆ ಬೈಗುಳ ಬೇಕು ಅನ್ನಿಸುತ್ತದೆ.

೧೫, ಮಧ್ಯಾಹ್ನ
ಮತ್ತೆ ಹಚ್ಚಿದೆ. ಅಡುಗೆ, ನೀರು, ಎಲ್ಲ ಎಂದಿನಂತೆ. ನೋಯದ ಕಾಲನ್ನು ಯಾರು ನೋಡುತ್ತಾರೆ? ನಾನೂ ನೋಡಲಿಲ್ಲ.

೧೬, ಬೆಳಿಗ್ಗೆ
ಸ್ನಾನದಲ್ಲಿ ಕಂಡೆ. ಬೆರಳು ಬದನೆಕಾಯಿಯಂತೆ ಊದಿ ನೀಲಿಗಟ್ಟಿದೆ. ಬೆಳ್ಳಿ ಮಾಂಸದೊಳಗೆ ಹೂತಿದೆ. ಕಾಂಪೌಂಡರ್ ರಂಗಯ್ಯ ಮನೆಗೇ ಬಂದರು. "ಉಂಗುರ ಈಗ್ಲೇ ಕತ್ತರಿಸ್ಬೇಕು ಕಣಮ್ಮ. ಇಲ್ದಿದ್ರೆ ಬೆರಳೇ ಹೋಗ್ತದೆ."

ಅತ್ತೆ ಅಡ್ಡ ನಿಂತರು. "ಗಂಡ ಇರೋಳ ಕಾಲುಂಗುರ ಕತ್ತರಿಸ್ತಾರೇನಪ್ಪಾ?"

ಎಣ್ಣೆ, ಸೋಪು — ಜಾರಲಿಲ್ಲ. ಇವರು "ನಾನು ಗುಂಡುಕಲ್ಲಿನಂಗೆ ಇದೀನಲ್ಲವ್ವಾ" ಅಂದರೂ ಕೇಳಲಿಲ್ಲ. ನನಗೆ ಸಿಟ್ಟು, ಭಯ. ಅವ್ವ ಇದ್ದಿದ್ದರೆ... ಅವಳೂ ಬಿಡುತ್ತಿರಲಿಲ್ಲವೇನೋ.

ಅದೇ ದಿನ, ಸಂಜೆ
ಕೊನೆಗೆ ಅತ್ತೆಯೇ ಅರಿಶಿನದ ದಾರ ತಂದು ಪಕ್ಕದ ಬೆರಳಿಗೆ ಕಟ್ಟಿದರು. "ಈಗ ಬರಿಗಾಲಲ್ಲ. ಕತ್ತರ್ಸು." ಇವರು ಲೈನ್‌ಮನ್ನು, ತಂತಿ ಕತ್ತರಿಸುವ ಪ್ಲಯರಿನಿಂದಲೇ ಕತ್ತರಿಸಿದರು. ಅತ್ತೆಯ ಮುಖ ಗೋಡೆಯ ಕಡೆ, ಕೈ ಮಾತ್ರ ನನ್ನ ಹಿಮ್ಮಡಿ ಬಿಡಲಿಲ್ಲ.

೨೧
ಮುಲಾಮು ಬಿಟ್ಟು ದಿನಗಳಾದವು. ಆದರೂ ಜೋಮು. ನೋವು ಬಂದರೆ ಬೆರಳು ಉಳೀತು ಅಂತ ರಂಗಯ್ಯ. ನೋವಿಗೆ ಕಾಯುವುದು, ಎಂಥ ಗ್ರಹಚಾರ. ಅತ್ತೆ ಗಳಿಗೆಗೊಮ್ಮೆ ಬಂದು ಚಿವುಟುತ್ತಾರೆ.
"ಗೊತ್ತಾಯ್ತೇನೇ?"
"ಇಲ್ಲತ್ತೆ."

೨೪, ಬೆಳಿಗ್ಗೆ
ಚಿವುಟಿದರು. "ಯವ್ವಾ" ಅಂದೆ.
"ಇಲ್ಲೇ ಇದೀನಿ ಕಣೇ," ಅಂದರು ಅತ್ತೆ. ನಂಬಿಕೆಯಾಗದೆ ಇನ್ನೊಮ್ಮೆ ಚಿವುಟಿದರು. ನೋಯಿತು. ಸೆರಗಿನಿಂದ ಮೊದಲು ನನ್ನ ಕಣ್ಣೊರೆಸಿ, ಆಮೇಲೆ ತಮ್ಮದು... ಈಗ ಮತ್ತೆ ಬರುತ್ತಿದ್ದಾರೆ, ಬಾಗಿಲಿನಿಂದಲೇ ಬೈಯುತ್ತ —