ಸಮಾಧಿಯ ಬಳಿ ನಿಲ್ಲುವವರು

ಕಲ್ಯಾಣಪುರ
೨೪ ಅಕ್ಟೋಬರ್ ೨೦೨೪

ಪ್ರೀತಿಯ ಶರಣಮ್ಮ,

ಶಾರ್ಲೆಟ್ ತೀರಿ ತಿಂಗಳಾದ ಪೂಜೆಗೆ ಕಾರ್ಕಳದಿಂದ ಬಂದ ನಿನಗೂ ಗೇರುಬೀಜ ಕಾರ್ಖಾನೆಯ ನಿನ್ನ ಗೆಳತಿಯರಿಗೂ ನಾನು ಅಂದೇ ವಂದನೆ ಹೇಳಬೇಕಿತ್ತು. ತಡವಾಯಿತು, ಕ್ಷಮಿಸು. ಇಗರ್ಜಿಯ ಅಂಗಳದಲ್ಲಿ ಸೇರಿದ್ದ ಉಳಿದವರಿಗೆ ವಂದಿಸಿದೆ. ಅವರ ಮರುಕವನ್ನು ಮಾತ್ರ ಸ್ವೀಕರಿಸಲಿಲ್ಲ. ಕಾಪುವಿನಿಂದ ಬಂದಿದ್ದ ನನ್ನ ತಂಗಿಯ ಗಂಡ ಡೆರಿಕ್ ಹೆಗಲ ಮೇಲೆ ಕೈಯಿಟ್ಟು, "ಆ ಸ್ಟ್ರೈಕಿನ ಉಸಾಬರಿ ಅವಳಿಗೆ ಎಂತಕ್ಕೆ ಬೇಕಿತ್ತು ಭಾವ? ಬೇರೆ ಕೆಲಸ ಸಿಗ್ತಿತ್ತಲ್ವಾ?" ಎಂದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗೆ ಉತ್ತರ ಕೊಡದೆ ಕುಳಿತವನಲ್ಲ ನಾನು. ಸತ್ತ ಮಗಳ ಮೇಲೆ ತಪ್ಪು ಹೊರಿಸುವ ಸಂತಾಪ ನನಗೆ ಬೇಡವೆಂದು ಹೇಳಿ ಅವನ ಕೈಯನ್ನು ಕೆಳಗಿಳಿಸಿದೆ.

ಡೆರಿಕ್ ಹೇಳಿದ್ದು ಸುಳ್ಳಲ್ಲ. ಕಾರ್ಖಾನೆಗೆ ಬೀಗ ಬಿದ್ದಾಗ ಲೆಕ್ಕ ಬರೆಯುತ್ತಿದ್ದ ಅವಳಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಬೀಜ ಸುಲಿಯುತ್ತಿದ್ದ ನಿಮಗೆ ದುಡಿದ ಕೂಲಿಯೂ ಸಿಕ್ಕಿರಲಿಲ್ಲ. ಅವಳು ಮಂಗಳೂರಿಗೆ ಹೋಗದೆ ಗೇಟಿನ ಎದುರು ನಿನ್ನ ಪಕ್ಕದಲ್ಲಿ ಕುಳಿತಳು. ಮಳೆಗಾಲವಿಡೀ ಆ ಕೆಸರುನೀರಿನಲ್ಲಿ ಕುಳಿತು ಇಲಿಜ್ವರ ತಂದುಕೊಂಡಳು. ಕಳೆದ ಈಸ್ಟರಿಗೆ ಮನೆಗೆ ಬಂದಿದ್ದಾಗ, "ಶರಣಿ ಬರೀ ಗೆಳತಿ ಅಲ್ಲ ಡ್ಯಾಡಿ. ನಾನು ಬದುಕುವುದಾದರೆ ಅವಳೊಟ್ಟಿಗೇ" ಎಂದಿದ್ದಳು. ಒಪ್ಪಿದೆನೆಂದು ಹೇಳಲಾರೆ. ಅರ್ಥವಾಗಲಿಲ್ಲವೆಂದೂ ಹೇಳಲಾರೆ.

ಪೂಜೆಯ ದಿನ ಊಟದ ಹೊತ್ತಿನಲ್ಲಿ ನಡೆದ ಸಂಗತಿಯನ್ನು ಬರೆಯದೆ ಬಿಡುವಂತಿಲ್ಲ. ಘಟ್ಟದ ಮೇಲಿನ ಕನ್ನಡ ಕಿವಿಗೆ ಬಿದ್ದರೆ ಸಾಕು, ಮಾತಾಡಿದವರು ಕೂಲಿಯವರೆಂದು ನಮ್ಮವರು ತೀರ್ಮಾನಿಸಿಬಿಡುತ್ತಾರೆ. ತಂಗಿ ಸೆಲೀನ್ ನಿನ್ನನ್ನು ಅಡುಗೆಯವರ ಕಡೆಯ ಆಳೆಂದು ತಿಳಿದು, "ಇಲ್ಲಿ ಎಂತ ನಿಂತದ್ದು? ಆ ಬಟ್ಟಲೆಲ್ಲ ತೊಳೆದು ಕೊಡು" ಎಂದಳಂತೆ. ನಾನು ಹಿತ್ತಿಲಿಗೆ ಬರುವಾಗ ನೀನು ನಲ್ಲಿಯ ಬುಡದಲ್ಲಿ ಕುಳಿತಿದ್ದೆ. ಏಳು ಎಂದೆ.

"ಇರ್ಲಿ ಬಿಡ್ರಿ ಅಪ್ಪಾರ, ಕೈ ಖಾಲಿ ಇದ್ರ ಅಳು ಬರತೈತಿ" ಎಂದೆ ನೀನು.

ನಿನ್ನೊಡನೆ ಕುಳಿತು ತೊಳೆಯಲು ನನ್ನ ಮೊಣಕಾಲು ಬಿಡಲಿಲ್ಲ, ನಿನ್ನ ಪಕ್ಕದಲ್ಲೇ ನಿಂತೆ.

ಗೇಟಿನೆದುರು ಈಗಲೂ ಸರದಿಯಲ್ಲಿ ಕೂರುತ್ತೀರೆಂದು ಕೇಳಿದೆ. ನಿಮ್ಮ ಕೂಲಿ ನಿಮ್ಮ ಕೈಸೇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಕಾಯಲಿ.

ಇತಿ,
ಶಾರ್ಲೆಟಳ ತಂದೆ
ಬೆಂಜಮಿನ್

ಮರೆತ ಮಾತು: ತೀವ್ರ ನಿಗಾ ಘಟಕಕ್ಕೆ ಮನೆಯವರನ್ನು ಮಾತ್ರ ಬಿಡುತ್ತೇವೆಂದಾಗ ನಾನೊಬ್ಬನೇ ಒಳಗೆ ಹೋದೆ, ನೀನು ಮೆಟ್ಟಿಲ ಮೇಲೆ ಉಳಿದೆ. ಶಾರ್ಲೆಟ್ ಕೊನೆಗೊಮ್ಮೆ ಕಣ್ಣು ತೆರೆದು ನನ್ನನ್ನು ನೋಡಿದಳೆಂದು ನಿನಗೆ ಹೇಳಿದ್ದೆ. ಅದು ನಿಜವಲ್ಲ. ಅವಳು ನನ್ನನ್ನು ದಾಟಿ ಬಾಗಿಲನ್ನು ನೋಡಿದಳು. ಅಲ್ಲಿ ಯಾರೂ ಇಲ್ಲವೆಂದು ತಿಳಿದ ಮೇಲೆ ಕಣ್ಣು ಮುಚ್ಚಿದಳು.

ನವೆಂಬರ್ ಎರಡು ನಮ್ಮಲ್ಲಿ ಮೃತರ ದಿನ. ಅಂದು ಪ್ರತಿ ಮನೆಯವರೂ ತಮ್ಮವರ ಸಮಾಧಿಯ ಬಳಿ ಮೇಣದಬತ್ತಿ ಹಚ್ಚಿ ನಿಲ್ಲುತ್ತಾರೆ. ಪಾದ್ರಿಗಳು ಪವಿತ್ರಜಲ ಚಿಮುಕಿಸುತ್ತ ಬರುತ್ತಾರೆ. ಯಾರ ಸಮಾಧಿಗೆ ಯಾರು ನಿಂತರೆಂದು ಊರೆಲ್ಲ ನೋಡುತ್ತದೆ. ಈ ಸಲ ಶಾರ್ಲೆಟಳ ತಲೆಯ ಬದಿಯಲ್ಲಿ ನೀನು ನಿಲ್ಲಬೇಕು, ನಿನ್ನ ಪಕ್ಕದಲ್ಲಿ ನಾನು. ಸೆಲೀನಳನ್ನು ಕೇಳಿಲ್ಲ, ಪಾದ್ರಿಗಳನ್ನೂ ಕೇಳಿಲ್ಲ. ನಾನು ನಿರ್ಧರಿಸಿಯಾಗಿದೆ.